ಐಸ್ ಜೋಮು

ನನ್ನ ಗಂಡನ ಕಾಲು ಹೋದದ್ದು ಸೂಜಿಯಿಂದ ಅಂತ ನಮ್ಮ ಬೀದಿಯೆಲ್ಲ ಹೇಳುತ್ತದೆ. ಹೇಳಲಿ, ಬೀದಿಗೆ ಬಾಯಿದೆ, ತಲೆ ಇಲ್ಲ. ಆದರೆ ಮಂಚದ ಮೇಲೆ ಮಲಗಿದ್ದ ನಮ್ಮವರೂ, ಅವರ ತಲೆದೆಸೆಯಲ್ಲಿ ಕೂತ ಅವರಣ್ಣನೂ ಅದೇ ರಾಗ ಎಳೆಯತೊಡಗಿದಾಗ ನನ್ನ ಜೀವ ಬಾಯಿಗೆ ಬಂತು. ಎರಡನೆಯ ಸೂಜಿಯ ದಿನ ಹತ್ತಿರ ಬರುತ್ತಿತ್ತು. ಅದನ್ನು ತಪ್ಪಿಸಿದರೆ ಕಾಲಿನ ಮಾತಿರಲಿ, ಮನುಷ್ಯನೇ ದಕ್ಕುವುದಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು.

ಮೊದಲಿನಿಂದ ಹೇಳುತ್ತೇನೆ. ನಮ್ಮವರು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ನಾನು ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ಅವರು ದಿನವಿಡೀ ಚಳಿಯಲ್ಲಿ, ನಾನು ದಿನವಿಡೀ ಹಬೆಯಲ್ಲಿ. ಸಂಜೆ ಇಬ್ಬರೂ ಒತ್ತಿಕೊಂಡು ಕೂತರೆ ಸ್ನಾನದ ನೀರಿನಷ್ಟು ಹದವಾಗುತ್ತೆ ಎಂದು ಅವರು ತಮಾಷೆ ಮಾಡುತ್ತಿದ್ದರು. ಮಕ್ಕಳಾಗಲಿಲ್ಲ. ಇಬ್ಬರಿಗೂ ಒಬ್ಬರ ಮೇಲೊಬ್ಬರು ರೇಗಲು ಬೇಕಾದಷ್ಟು ಹೊತ್ತಿತ್ತು, ಹಾಗೇ ನಡೆದುಕೊಂಡು ಬಂತು.

ಐಸ್ ಫ್ಯಾಕ್ಟರಿಯ ಕೆಲಸ ನೋಡದವರಿಗೆ ಹೇಳಬೇಕು. ನೆಲದಲ್ಲಿ ಒಂದು ದೊಡ್ಡ ತೊಟ್ಟಿ, ಅದರ ತುಂಬ ಕೊರೆಯುವ ಉಪ್ಪುನೀರು. ಉಪ್ಪುನೀರಿನಲ್ಲಿ ಮುಳುಗಿಸಿದ ಉದ್ದನೆಯ ತಗಡಿನ ಡಬ್ಬಗಳೊಳಗೆ ಸಿಹಿನೀರು ಗಟ್ಟಿಯಾಗುತ್ತದೆ. ಡಬ್ಬವನ್ನು ಸರಪಳಿಯಿಂದ ಮೇಲೆತ್ತಿ ಬೋರಲು ಹಾಕಿ, ಜಾರಿ ಬಂದ ಐಸಿಗೆ ಕೊಕ್ಕೆ ಹಾಕಿ ಎಳೆದು ಲಾರಿಗೆ ಏರಿಸಬೇಕು. ಇಬ್ಬರು ಎತ್ತುವುದನ್ನು ನಮ್ಮವರು ಒಬ್ಬರೇ ಎತ್ತುತ್ತಿದ್ದರು. ಅಲ್ಲಿ ಎಲ್ಲರೂ ಅವರನ್ನು ಆನೆ ಅಂತಲೇ ಕರೆಯುತ್ತಿದ್ದರು.

ತೊಟ್ಟಿಯ ಮೇಲೆ ಮುಚ್ಚಿದ ಮರದ ಹಲಗೆಗಳ ಮೇಲೇ ಅವರೆಲ್ಲ ಓಡಾಡುವುದು. ಬೂಟಿನೊಳಗೆ ನೀರು ಹೋಗದ ದಿನವಿಲ್ಲ, ಪಾದ ಮರಗಟ್ಟದ ದಿನವಿಲ್ಲ. ಅದಕ್ಕೆ ಅಲ್ಲಿನವರೇ ಇಟ್ಟ ಹೆಸರು ಐಸ್ ಜೋಮು. ಅದಕ್ಕೆ ಮದ್ದೂ ಅವರದ್ದೇ. ಜೋಮು ಹಿಡಿದವನನ್ನು ಕಂಪ್ರೆಸರ್ ಕೋಣೆಯ ಬಿಸಿಗೆ ಕೂರಿಸಿ, ಬೂಟು ಕಳಚಿ, ಒರಟು ಗೋಣಿತಟ್ಟಿನಿಂದ ಪಾದ ಉಜ್ಜುವುದು. ಉಜ್ಜಿಸಿಕೊಳ್ಳುವವನು ಸ್ಪರ್ಶ ಮರಳಿತು ಅನ್ನಿಸಿದಾಗ "ಬಂತು" ಅನ್ನಬೇಕು. ಅವನು "ಬಂತು" ಅನ್ನುವವರೆಗೆ ಉಜ್ಜುವವನು ಕೈ ಬಿಡುವ ಹಾಗಿಲ್ಲ. ಅಲ್ಲಿ ಉಜ್ಜುತ್ತಿದ್ದವರು ಯಾವಾಗಲೂ ಮೇಸ್ತ್ರಿ, ಅಂದರೆ ನಮ್ಮ ಭಾವ, ನಮ್ಮವರ ಸ್ವಂತ ಅಣ್ಣ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ, ಕೆಲಸ ಕಲಿಸಿ, ನನ್ನನ್ನು ಹುಡುಕಿ ಮದುವೆ ಮಾಡಿಸಿದವರೂ ಅವರೇ. ಅಣ್ಣ ಹಗಲನ್ನು ರಾತ್ರಿ ಅಂದರೆ ನಮ್ಮವರು ಹಾಸಿಗೆ ಹಾಸುವ ಜಾತಿ.

ನಡು ನೋವು ಶುರುವಾದಾಗ ಯಾರೂ ಹೆದರಲಿಲ್ಲ. ಐಸ್ ಎತ್ತುವವನಿಗೆ ನಡು ನೋಯದೆ ಮೂಗು ನೋಯುತ್ತದೆಯೇ. ಮೂತ್ರ ತಡವರಿಸತೊಡಗಿದ ಮೇಲೆ ನಾನು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಅಲ್ಲಿ ಒಂದಾದ ಮೇಲೊಂದು ಪರೀಕ್ಷೆ ಮಾಡಿ, ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಬೆನ್ನುಮೂಳೆಗೂ ಹಬ್ಬಿದೆ ಅಂದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ವರ್ಷಗಟ್ಟಲೆ ಹಿಡಿದಿಡಬಹುದು ಅಂದರು. ನಾನು ಆ ಎರಡನೆಯ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಸೂಜಿಯ ವಿಷಯ ಹೇಳಿಕೊಟ್ಟದ್ದು ಒಬ್ಬ ನರ್ಸ್. ದಪ್ಪ ದನಿ, ಆತುರದ ಹೆಂಗಸು, ಆದರೆ ಹೇಳಿದ್ದನ್ನೇ ಎರಡು ಸಲ ಹೇಳುವಷ್ಟು ತಾಳ್ಮೆ ಇತ್ತು. ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಊಟ, ಸೂಜಿ ಆ ಊಟ ನಿಲ್ಲಿಸುತ್ತದೆ. ಆದರೆ ಮೊದಲ ಸಲ ಹಾಕಿದಾಗ, ಆರುವ ದೀಪ ಒಮ್ಮೆ ಭಗ್ಗನೆ ಉರಿಯುತ್ತದಲ್ಲ, ಹಾಗೆ ಹಾರ್ಮೋನು ಒಂದೆರಡು ವಾರ ಏರಿ ಆಮೇಲೆ ಇಳಿಯುತ್ತದೆ. ಆ ಏರು ತಟ್ಟದಿರಲಿ ಅಂತಲೇ ಮಾತ್ರೆ ಕೊಟ್ಟಿದೆ, ಸೂಜಿಗೆ ಮುಂಚೆಯೂ ನುಂಗಬೇಕು, ಸೂಜಿ ಆದ ಮೇಲೂ ಡಾಕ್ಟರು ನಿಲ್ಲಿಸು ಅನ್ನುವವರೆಗೆ ನುಂಗಬೇಕು. ಮುಂದೆ ಮೈ ಇದ್ದಕ್ಕಿದ್ದಂತೆ ಕಾದು ಬೆವರುತ್ತದೆ, ಗಂಡಹೆಂಡತಿ ಆಸೆ ಕಡಿಮೆಯಾಗುತ್ತದೆ, ಮನಸ್ಸು ಕುಗ್ಗುತ್ತದೆ, ಮೂಳೆ ಸವೆಯುತ್ತದೆ, ಅದಕ್ಕೆಲ್ಲ ಒಂದೊಂದು ದಾರಿ ಇದೆ, ಬಂದು ಹೇಳಿ ಅಂದಳು. ಕೊನೆಗೆ ನಮ್ಮವರ ಕಡೆ ಬೆರಳು ಮಾಡಿದಳು.

"ಕಾಲು ಮರಗಟ್ಟಿದ್ರೆ, ಸೋತು ಬಂದ್ರೆ, ಇಲ್ಲಾ ಮೂತ್ರ ಕಟ್ಟಿದ್ರೆ, ನಾಳೆ ನೋಡೋಣ ಅನ್ಬೇಡಿ. ಆಗಿಂದಾಗ್ಲೇ ಬನ್ನಿ."

ನಮ್ಮವರು ತಲೆಯಾಡಿಸಿದರು. ಐಸ್ ಫ್ಯಾಕ್ಟರಿಯವನಿಗೆ ಕಾಲು ಮರಗಟ್ಟಿದರೆ ಬಾ ಅನ್ನುವುದು, ಮೀನಿಗೆ ಒದ್ದೆಯಾದರೆ ಹೇಳು ಅಂದ ಹಾಗೆ. ಅದು ಆ ನರ್ಸಿಗೆ ಹೇಗೆ ಗೊತ್ತಾಗಬೇಕು. ನಮ್ಮವರು ಕಾಗದದ ಮೇಲೆ ಕೆಲಸ ಏನು ಅಂತ ಕೇಳಿದ ಕಡೆ ಕೂಲಿ ಅಂತಷ್ಟೇ ಬರೆಸಿದ್ದರು.

ಹೊಕ್ಕುಳ ಕೆಳಗೆ, ಹೊಟ್ಟೆಯ ಚರ್ಮದಡಿ ಸೂಜಿ ಹಾಕಿದರು. ಮನೆಯಲ್ಲಿರಿ ಅಂತ ನಾನು ಗೋಗರೆದೆ. ಮನೆಯಲ್ಲಿ ಗೋಡೆ ನೋಡುತ್ತ ಕೂತರೆ ಇನ್ನೂ ಬೇಗ ಸಾಯುತ್ತೇನೆ ಅಂದರು. ಭಾವ ಬಂದು, ಭಾರ ಎತ್ತುವ ಕೆಲಸ ಕೊಡುವುದಿಲ್ಲ, ಡಬ್ಬಗಳಿಗೆ ನೀರು ಬಿಡುವ ಕೆಲಸ ಮಾಡಿಕೊಂಡಿರಲಿ, ನನ್ನ ಕಣ್ಣೆದುರೇ ಇರುತ್ತಾನೆ ಎಂದು ಕರೆದುಕೊಂಡು ಹೋದರು. ಭಾವನ ಕಣ್ಣೆದುರು ಅಂದರೆ ನನಗೂ ಧೈರ್ಯವೇ. ಅಷ್ಟರ ಮಟ್ಟಿಗೆ ನಂಬಿದ್ದೆ ಅವರನ್ನು.

ಮುಂದಿನ ವಾರದ ಒಂದು ಬೆಳಿಗ್ಗೆ ನಮ್ಮವರು ಹಲಗೆಯ ಮೇಲೆ ನಿಂತವರು ಕಾಲು ಜೋಮು ಹಿಡಿದಿದೆ ಅಂದರಂತೆ. ಭಾವ ಎಂದಿನಂತೆ ಕಂಪ್ರೆಸರ್ ಕೋಣೆಗೆ ಕರೆದೊಯ್ದು ಉಜ್ಜಿದರು. ಹೊತ್ತು ಹೋದ ಮೇಲೆ ಇವರು "ಬಂತು" ಅಂದರು. ಮಾರನೆಯ ದಿನ ಜೋಮು ಮೊಣಕಾಲು ದಾಟಿತ್ತು. ಮತ್ತೆ ಉಜ್ಜಿದರು, ಬಿಸಿನೀರಲ್ಲಿ ಅದ್ದಿದರು, ಮತ್ತೆ ಇವರು "ಬಂತು" ಅಂದರು. ಸಂಜೆ ಫ್ಯಾಕ್ಟರಿಯ ವ್ಯಾನಿನಿಂದ ನಮ್ಮ ಮನೆ ಮುಂದೆ ಇಳಿಯಲು ಕಾಲಿಟ್ಟವರು ಹಾಗೇ ಮಗುಚಿಕೊಂಡರು.

ನಾನು ಹೋಟೆಲಿನಿಂದ ಆಗಷ್ಟೇ ಬಂದಿದ್ದೆ. ಎತ್ತಿ ಕೂರಿಸಿದಾಗ ಕಾಲೆರಡೂ ಒಣಗಲು ಹಾಕಿದ ಪ್ಯಾಂಟಿನ ಹಾಗೆ ಜೋತುಬಿದ್ದವು. ಮೂತ್ರ ಯಾವಾಗ ಹೋದದ್ದು ಅಂತ ಕೇಳಿದೆ. ಬೆಳಗಿನಿಂದ ಇಲ್ಲ ಅಂದರು, ಅದೇನೋ ತಪ್ಪು ಮಾಡಿದವರಂತೆ ಸಣ್ಣ ದನಿಯಲ್ಲಿ. ಅದೇ ವ್ಯಾನಿಗೆ ಮತ್ತೆ ಹತ್ತಿಸಿ ಆಸ್ಪತ್ರೆಗೆ ಓಡಿದೆವು.

ಬೆನ್ನುಮೂಳೆಯ ಕ್ಯಾನ್ಸರ್ ಗಂಟು ಊದಿ ಒಳಗಿನ ನರವನ್ನು ಅಮುಕಿದೆ ಎಂದು ಸ್ಕ್ಯಾನಿನಲ್ಲಿ ಬಂತು. ಊತ ಇಳಿಯಲು ಔಷಧಿ ಕೊಟ್ಟರು, ತಡಮಾಡದೆ ವಿಕಿರಣ ಕೊಟ್ಟರು, ಮೂತ್ರಕ್ಕೆ ಕೊಳವೆ ಹಾಕಿದರು. ಮೊದಲು ಮರಗಟ್ಟಿದ್ದು ಯಾವಾಗ ಅಂತ ಡಾಕ್ಟರು ಕೇಳಿದಾಗ ನಮ್ಮವರು ನಿನ್ನೆ ಬೆಳಿಗ್ಗೆ ಅಂದರು. ನನಗೆ ಆಗಲೇ ಗೊತ್ತಾದದ್ದು. ಡಾಕ್ಟರು ಪೆನ್ನು ಜೇಬಿಗೆ ಸಿಕ್ಕಿಸಿ, ನಿನ್ನೆಯೇ ಬಂದಿದ್ದರೆ ಮಾತು ಬೇರೆ ಇರುತ್ತಿತ್ತು ಅಂದರು. ಭಾವ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ರಕ್ತ ಬತ್ತಿದ್ದನ್ನು ನಾನು ನೋಡಿದೆ.

ಅವತ್ತು ನಮ್ಮವರ ಕೆಲಸದ ಅಂಗಿಯನ್ನು ಮನೆಗೆ ತಂದೆ. ಜೇಬು ನೋಡದೆ ಬಟ್ಟೆ ನೆನೆಸುವವಳಲ್ಲ ನಾನು. ಜೇಬಿನಲ್ಲಿ ಮಾತ್ರೆಯ ಹಾಳೆ ಹಾಗೇ ಇತ್ತು, ಸೂಜಿ ಹಾಕಿಸಿಕೊಂಡ ದಿನದಿಂದ ಒಂದನ್ನೂ ಒಡೆದಿರಲಿಲ್ಲ. ಮರುದಿನ ಮುಖಕ್ಕೆ ಹಿಡಿದು ಕೇಳಿದೆ. ಮಾತ್ರೆಯಿಂದ ಹೊಟ್ಟೆ ಕೆಡುತ್ತಿತ್ತು, ಆ ಬೂಟು, ಆ ದಪ್ಪ ಪ್ಯಾಂಟು ಬಿಚ್ಚಿ ಪದೇಪದೇ ಓಡುವುದು ನಾಚಿಕೆಯಾಗುತ್ತಿತ್ತು, ದೊಡ್ಡ ಸೂಜಿಯೇ ಬಿದ್ದ ಮೇಲೆ ಸಣ್ಣ ಮಾತ್ರೆ ಯಾಕೆ ಅಂದುಕೊಂಡೆ ಅಂದರು. ಹೊಟ್ಟೆ ಕೆಡುತ್ತೆ ಅಂತ ನರ್ಸಿಗೆ ಒಂದು ಮಾತು ಹೇಳಿದ್ದರೆ ಅದಕ್ಕೂ ಏನಾದರೂ ಮಾಡುತ್ತಿದ್ದಳು. ಮಾತ್ರೆ ತಪ್ಪಿದ್ದಕ್ಕೇ ಆ ಏರು ತಟ್ಟಿ ಗಂಟು ಊದಿರಬೇಕು ಅಂದ ಡಾಕ್ಟರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ಕಾಲು ಮಾತ್ರ ಮರಳಲಿಲ್ಲ.

ಮನೆಗೆ ಕರೆತಂದ ಮೇಲೆ ಭಾವ ದಿನಾ ಬರತೊಡಗಿದರು. ತಮ್ಮನನ್ನು ಎತ್ತಿ ಸ್ನಾನಕ್ಕೆ ಕೂರಿಸುವುದು, ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ಒರೆಸುವುದು, ಎಲ್ಲ ಅವರೇ. ಒರೆಸುತ್ತ ಒರೆಸುತ್ತ ಸೂಜಿಗೆ ಬೈಯುವರು. ಆನೆಯಂಥವನನ್ನು ಒಂದು ಸೂಜಿ ಕೆಡವಿತು, ಗಂಡಸುತನ ತೆಗೆಯುವ ಮದ್ದು ಕಾಲನ್ನು ಬಿಡುತ್ತದಾ, ಇನ್ನೊಂದು ಹಾಕಿದರೆ ಕೈಯೂ ಹೋಗುತ್ತೆ. ನಮ್ಮವರು ಹೌದಣ್ಣ ಅನ್ನುವರು. ಅಷ್ಟರಲ್ಲಿ ಸೂಜಿ ತನ್ನ ಕೆಲಸ ಶುರು ಮಾಡಿತ್ತು. ಐಸಿನಲ್ಲಿ ಬೆಳೆದ ಮೈ ಇದ್ದಕ್ಕಿದ್ದ ಹಾಗೆ ಕಾದು, ದಿಂಬು ತೊಯ್ದುಹೋಗುವಷ್ಟು ಬೆವರು. ಯಾವತ್ತೂ ಅಳದವರು ನಾನು ತಲೆ ಬಾಚಿಕೊಳ್ಳುವುದನ್ನು ನೋಡಿ ಅಳುವರು. ಹಾರ್ಮೋನು ಇಳಿದಿದೆ, ಇದು ಅದರ ಗುರುತು, ಇಳಿದದ್ದು ಇಳಿದೇ ಇರಬೇಕು ಎಂದು ಡಾಕ್ಟರು ಹೇಳಿದರು. ಆ ಏರು ಮೊದಲ ಸಲಕ್ಕೆ ಮಾತ್ರ, ಇನ್ನು ತಪ್ಪದೆ ಹಾಕಿಸುತ್ತ ಹೋದರೆ ಮತ್ತೆ ಬರುವುದಿಲ್ಲ. ತಪ್ಪಿಸಿದರೆ ಹಾರ್ಮೋನು ಮರಳುತ್ತದೆ, ಕ್ಯಾನ್ಸರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಸೂಜಿ ಬೇಡವಾದರೆ ಒಂದು ಆಪರೇಷನ್ ಇದೆ ಎಂದೂ ಹೇಳಿದರು. ಅದು ವೃಷಣ ತೆಗೆಯುವ ಆಪರೇಷನ್ ಅಂತ ನಾನು ಬಿಡಿಸಿ ಹೇಳಿದ ಕೂಡಲೇ ನಮ್ಮವರು ಹೊದಿಕೆ ಮುಖಕ್ಕೆ ಎಳೆದುಕೊಂಡರು.

ನಾನು ಎಲ್ಲ ಬಗೆಯಲ್ಲೂ ಹೇಳಿದೆ. ಬೈದೆ, ಅತ್ತೆ, ಊಟ ಬಿಟ್ಟೆ. ಊಟ ಬಿಟ್ಟರೆ ನನ್ನ ಹೊಟ್ಟೆಯೇ ಉರಿಯಿತು, ಅವರ ಮನಸ್ಸು ಅಲುಗಲಿಲ್ಲ. ಕೊನೆಗೆ ಹುಚ್ಚು ಹಿಡಿದವಳಂತೆ ನರ್ಸಿನ ಹತ್ತಿರ ಹೋಗಿ, ಮಧ್ಯಾಹ್ನ ಅವರು ನಿದ್ದೆಯಲ್ಲಿದ್ದಾಗ ಮನೆಗೆ ಬಂದು ಚುಚ್ಚಿಬಿಡಿ ಅಂತ ಕಾಲು ಹಿಡಿಯಲು ಹೋದೆ. ಅವಳು ನನ್ನನ್ನು ಎಬ್ಬಿಸಿ, ಒಪ್ಪದವರ ಮೈಮೇಲೆ ನಾವು ಕೈ ಹಾಕುವುದಿಲ್ಲ, ಒಪ್ಪಿಸಿ ಕರೆತನ್ನಿ, ನಾನು ಆ ದಿನ ಕಾದಿರುತ್ತೇನೆ ಅಂದಳು. ಒಪ್ಪಿಸು ಅನ್ನುವುದು ಎಷ್ಟು ಸುಲಭ.

ಅವರನ್ನು ಒಪ್ಪಿಸಬಲ್ಲವರು ಲೋಕದಲ್ಲಿ ಒಬ್ಬರೇ. ಹೋಟೆಲಿನಲ್ಲಿ ಊಟದ ಬಿಡುವು ಸಿಕ್ಕಾಗ ನಾನು ಐಸ್ ಫ್ಯಾಕ್ಟರಿಗೆ ಹೋದೆ. ಭಾವ ಐಸ್ ಪುಡಿ ಮಾಡುವ ಯಂತ್ರದ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಯಂತ್ರ ನಿಲ್ಲಿಸಿದರು, ತಮ್ಮನಿಗೆ ಏನಾಯಿತೋ ಅಂತ ಬಾಯಿ ತೆರೆದರು. ಏನೂ ಆಗಿಲ್ಲ, ಆಗುವುದರೊಳಗೆ ಬಂದಿದ್ದೇನೆ ಅಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಮತ್ತೆ ಸೂಜಿಗೆ ಬೈಯಲು ಶುರು ಮಾಡಿದರು. ಆಗ ನನಗೆ ತಡೆಯಲಾಗಲಿಲ್ಲ.

"ಸೂಜಿ ಮೇಲೆ ಹಾಕಿ ನೀವು ಎಷ್ಟು ದಿನ ತಪ್ಪಿಸ್ಕೋತೀರಿ ಭಾವ? ಅವರನ್ನ ಎರಡು ದಿನ ಇಲ್ಲಿ ಕೂರಿಸ್ಕೊಂಡು ಉಜ್ಜಿದ್ದು ಸೂಜಿ ಅಲ್ಲ."

ಅವರು ಕೊಕ್ಕೆಯ ಹಿಡಿಯನ್ನು ತಿರುಗಿಸುತ್ತ ನಿಂತರು. ಆಮೇಲೆ, ಅವನೇ "ಬಂತು" ಅಂದನಲ್ಲ ಎಂದರು.

"ಅಂದ್ರು. ನಿಮ್ಮ ಮುಂದೆ ಅವರು ಯಾವತ್ತಾದ್ರೂ ಇಲ್ಲ ಅಂದಿದ್ದಾರಾ?"

ನಾನು ದನಿ ಇಳಿಸಿದೆ. ನೀವೇ ಬಂದು ಹೇಳಿ, ಸೂಜಿಯದಲ್ಲ ತಡವಾದದ್ದರ ತಪ್ಪು ಅಂತ ಹೇಳಿ, ನಿಮ್ಮ ಬಾಯಿಂದ ಬಂದರೆ ಮಾತ್ರ ನಂಬುತ್ತಾರೆ ಅಂತ ಕೈಮುಗಿದೆ. ಮುದುಕನ ದನಿ ಒಡೆಯಿತು.

"ಹೇಳಿದ ಮೇಲೆ ಅವನು ನನ್ನ ಮುಖ ನೋಡ್ತಾನೇನಮ್ಮಾ?"

"ನೋಡದೇ ಇರಬಹುದು. ಕಣ್ಣು ತೆರೆದಿರ್ತಾರಲ್ಲ. ನನಗೆ ಅಷ್ಟು ಸಾಕು."

ಅವರು ಯಂತ್ರ ಹಾಕಿದರು. ಆ ಸದ್ದಿನಲ್ಲಿ ಇನ್ನು ಮಾತಾಡಿ ಫಲವಿರಲಿಲ್ಲ. ಮರುದಿನದಿಂದ ಅವರು ನಮ್ಮ ಮನೆಗೂ ಬರಲಿಲ್ಲ. ಅಣ್ಣ ಯಾಕೆ ಬರಲಿಲ್ಲ ಅಂತ ನಮ್ಮವರು ಬಾಗಿಲು ನೋಡುತ್ತ ಕೇಳುವರು, ನಾನು ಕೆಲಸ ಜಾಸ್ತಿಯಂತೆ ಅನ್ನುವೆ. ಇದ್ದ ಒಂದು ಊರುಗೋಲನ್ನೂ ನಾನೇ ಮುರಿದು ಒಲೆಗೆ ಹಾಕಿದೆನೇನೋ ಅನ್ನಿಸಿತು. ಅವರನ್ನು ಒಬ್ಬಳೇ ಹೊರಳಿಸಿ ಹೊರಳಿಸಿ ನನ್ನ ರಟ್ಟೆ ಬಿದ್ದುಹೋಗಿತ್ತು.

ಸೂಜಿಯ ದಿನ ಬಂತು. ಒಪ್ಪಲಿ ಬಿಡಲಿ, ಆಸ್ಪತ್ರೆಯ ಗಾಡಿಯನ್ನು ಕರೆಸಿಯೇಬಿಟ್ಟೆ. ಗಾಡಿ ಬಾಗಿಲಲ್ಲಿ ನಿಂತಿತ್ತು, ಗಾಡಿಯವರು ಇಬ್ಬರು ಹೊರಗೆ ಕಾಯುತ್ತಿದ್ದರು. ನಮ್ಮವರು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕಾಲು ಸತ್ತರೂ ಕೈಯ ಬಲ ಹೋಗಿರಲಿಲ್ಲ, ಒಂದು ಬೆರಳನ್ನೂ ಬಿಡಿಸಲು ನನ್ನಿಂದಾಗಲಿಲ್ಲ. ಬೆರಳು ಬಿಡಿಸುತ್ತ ಬಿಡಿಸುತ್ತ ನಾನು ಗೊಳೋ ಎಂದು ಅಳುತ್ತಿದ್ದೆ. ಗಾಡಿಯವರಲ್ಲೊಬ್ಬ ನಾಚಿ ಆ ಕಡೆ ತಿರುಗಿದ.

ಆಗ ಭಾವ ಒಳಗೆ ಬಂದರು. ಕೆಲಸದ ಬಟ್ಟೆಯಲ್ಲೇ ಇದ್ದರು. ಯಾವಾಗಲೂ ತಲೆದೆಸೆಯಲ್ಲಿ ಕೂರುವವರು ಅವತ್ತು ಕಾಲಿನ ಕಡೆ ಕೂತರು.

"ಸೂಜಿ ಅಲ್ಲ ಕಣೋ," ಅಂದರು. "ನಾನು. ಐಸ್ ಜೋಮು ಅಂದ್ಕೊಂಡು ಎರಡು ದಿನ ನಿನ್ನ ಹಿಡಿದಿಟ್ಕೊಂಡೆ. ಮೊದಲನೇ ದಿನವೇ ಕರ್ಕೊಂಡು ಹೋಗಿದ್ರೆ ನೀನು ಇವತ್ತು ನಡೀತಿದ್ದೆ."

ನಮ್ಮವರು ಕಂಬಿ ಬಿಡಲಿಲ್ಲ.

"ಗೊತ್ತಣ್ಣ," ಅಂದರು.

ಭಾವನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ನಮ್ಮವರೇ ಮುಂದುವರಿಸಿದರು.

"ನೀನು ಉಜ್ಜೋವಾಗ ನನಗೆ ಏನೂ ಗೊತ್ತಾಗ್ತಾ ಇರ್ಲಿಲ್ಲ. ಮೊದಲನೇ ದಿನವೇ. ನಿನ್ನ ಕೈ ಆಡೋದು ಕಣ್ಣಿಗೆ ಕಾಣ್ತಿತ್ತು, ಅಷ್ಟೇ."

"ಮತ್ತೆ 'ಬಂತು' ಅಂದ್ಯಲ್ಲೋ."

"ನಿನಗೆ ಉಸಿರು ಮೇಲೆ ಕೆಳಗೆ ಆಗ್ತಿತ್ತು. ಈ ವಯಸ್ಸಲ್ಲಿ ಇನ್ನೂ ಎಷ್ಟು ಉಜ್ಜಿಸ್ಕೊಳ್ಲಿ. ಸಾಕು ಮಾಡ್ಲಿ ಅಂತ ಅಂದೆ." ಅವರ ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಬೇಕಲ್ಲ, ಬಿಡಲಿಲ್ಲ. "ಈಗ ಸೂಜಿ ಹಾಕಿಸ್ಕೊಂಡು ನಾನು ಚೆನ್ನಾಗಿದ್ರೆ, ಸೂಜಿದು ತಪ್ಪಿಲ್ಲ ಅಂತಾಗುತ್ತೆ. ಆಮೇಲೆ ಎಲ್ಲರೂ ನಿನ್ನ ಕಡೆ ನೋಡ್ತಾರೆ. ಅದಕ್ಕೇ ಬೇಡ ಅಂದೆ."

ದಾಕ್ಷಿಣ್ಯಕ್ಕೆ ಬಸುರಾದವಳಿಗೆ ಹೆರಲು ಜಾಗವಿಲ್ಲ ಅನ್ನುತ್ತಾರೆ. ಇಲ್ಲಿ ದಾಕ್ಷಿಣ್ಯಕ್ಕೆ ಒಬ್ಬರು ಕಾಲು ಕೊಟ್ಟಿದ್ದರು, ಪ್ರಾಣವನ್ನೂ ಕೊಡಲು ಕಂಬಿ ಹಿಡಿದು ಮಲಗಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಸಂಕಟವೋ ಸಿಟ್ಟೋ ನನಗೇ ಗೊತ್ತಿಲ್ಲ, ಗಾಡಿಯವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದನ್ನೂ ಮರೆತೆ.

"ಅಣ್ಣತಮ್ಮ ಇಬ್ರೂ ಒಬ್ಬರ ಮರ್ಯಾದೆ ಒಬ್ಬರು ಚೆನ್ನಾಗಿ ಕಾಪಾಡ್ಕೊಳ್ಳಿ," ಅಂದೆ. "ನಾಳೆ ಈ ಮಂಚ ಖಾಲಿಯಾದ್ರೆ ನಾನು ಯಾರ ಮೇಲೆ ರೇಗ್ಲಿ? ಅದೊಂದು ಹೇಳಿ ನನಗೆ."

ಭಾವ ಎದ್ದು ಹೋಗಿ ಕಂಬಿಯ ಮೇಲಿದ್ದ ತಮ್ಮನ ಕೈಯ ಮೇಲೆ ತಮ್ಮ ಕೈ ಇಟ್ಟರು. ಬಿಡಿಸಲು ನೋಡಲಿಲ್ಲ, ಸುಮ್ಮನೆ ಇಟ್ಟರು. ಸ್ವಲ್ಪ ಹೊತ್ತಿಗೆ ಬೆರಳು ತಾವಾಗಿಯೇ ಸಡಿಲವಾದವು. ಅವರನ್ನು ಭಾವನೇ ಎತ್ತಿಕೊಂಡು ಗಾಡಿಯಲ್ಲಿ ಮಲಗಿಸಿದರು.

ಆಸ್ಪತ್ರೆಯಲ್ಲಿ ಅದೇ ನರ್ಸ್ ಕಾದಿದ್ದಳು. ಬೆವರು ಎಷ್ಟು, ನಿದ್ದೆ ಎಷ್ಟು, ಮನಸ್ಸು ಹೇಗಿದೆ, ಜ್ವರ ಬಂತೇ ಎಂದು ಒಂದೊಂದಾಗಿ ಕೇಳಿದಳು. ಪ್ರತಿಯೊಂದಕ್ಕೂ ಪರವಾಗಿಲ್ಲ ಅನ್ನಲು ಅವರ ತುಟಿ ಹೊರಡುತ್ತಿತ್ತು. ನಾನು ದುರುಗುಟ್ಟಿ ನೋಡಿದೆ. ಬೆವರು ತುಂಬ, ನಿದ್ದೆ ಇಲ್ಲ, ಸಾಯೋಣ ಅನ್ನಿಸುತ್ತದೆ ಎಂದು ತಲೆ ತಗ್ಗಿಸಿ ಒಪ್ಪಿಸಿದರು. ಕೊನೆಯ ಮಾತಿಗೆ ಅವಳು ಬರೆಯುವುದನ್ನು ನಿಲ್ಲಿಸಿ, ಅದಕ್ಕೂ ಇಲ್ಲಿ ಒಬ್ಬರು ಡಾಕ್ಟರಿದ್ದಾರೆ, ಇವತ್ತೇ ನೋಡಿಕೊಂಡು ಹೋಗಿ ಅಂದಳು.

ಆಮೇಲೆ ಅಂಗಿ ಮೇಲೆತ್ತಿ ಹೊಟ್ಟೆಯ ಚರ್ಮ ಒರೆಸಿದಳು. ಈ ಔಷಧಿಯ ಸೂಜಿ ದಪ್ಪ, ಅಕ್ಕಿಕಾಳಿನಂಥ ಗುಳಿಗೆಯೊಂದನ್ನು ಒಳಗೆ ಬಿಟ್ಟು ಬರಬೇಕು. ಭಾವ ಆ ಕಡೆ ನಿಂತು ನೋಡುತ್ತಿದ್ದರು. ಚುಚ್ಚಿದಾಗ ನಮ್ಮವರ ಮುಖ ಕಿವುಚಿತು. ನೋವಾಯ್ತಾ ಅಂತ ಅವಳು ಕೇಳಿದಳು.

"ಆಯ್ತಮ್ಮ," ಅಂದರು. "ತುಂಬಾ ನೋವಾಯ್ತು."

ಮದುವೆಯಾದ ಮೇಲೆ ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಹೊರಗಿನ ಬೆಂಚಿಗೆ ಬಂದು ಕೂತು, ದೇವರೇ, ಇಷ್ಟಾದರೂ ನೋವು ಅವರಿಗೆ ಗೊತ್ತಾಗುತ್ತಿರಲಿ ಅಂತ ಬೇಡಿಕೊಂಡೆ.